ಓರೆಕಡ್ಡಿ

ಹೂವಿನಗಡ್ಡಿಯ ಸೇತುವೆಗೆ ಅಂದು ಐವತ್ತೊಂದು ದಿನ ತುಂಬಿತು. ಹಸುಗೂಸಿಗೆ ಎಣಿಸಿದ ಹಾಗೆ ಸೇತುವೆಗೂ ದಿನ ಎಣಿಸುವುದನ್ನು ಕಂಡು ಊರಿನವರು ಮೊದಮೊದಲು ನಕ್ಕಿದ್ದರು. ಈಗ ಅವರೇ ಹಾದಿಯಲ್ಲಿ ಸಿಕ್ಕಾಗ "ಎಷ್ಟ ದಿನ ಆತವಾ ಸೇತುವಿಗೆ?" ಎಂದು ವಿಚಾರಿಸುತ್ತಿದ್ದರು. ಶಿವಲೀಲಾ ನಿಂತು ಹೇಳುತ್ತಿದ್ದಳು. ಸೇತುವೆಯ ಎಂಜಿನಿಯರ್ ಅವಳೇ, ಊರಿನ ಮಗಳೂ ಅವಳೇ. ಅವಳ ಹೊಟ್ಟೆಯಲ್ಲೂ ಐದು ತಿಂಗಳ ಕೂಸಿತ್ತು. ಹಾಗಾಗಿ ಎರಡು ಎಣಿಕೆಯೂ ಅವಳ ತಲೆಯಲ್ಲಿ ಒಟ್ಟಿಗೇ ನಡೆದಿತ್ತು.

ಕೃಷ್ಣಾ ನದಿಯ ನಡುವೆ ಇರುವ ಆ ನಡುಗಡ್ಡೆಯನ್ನು ದಂಡೆಗೆ ಸೇರಿಸಿದ್ದು ಉಕ್ಕೂ ಅಲ್ಲ, ಸಿಮೆಂಟೂ ಅಲ್ಲ. ಅದೊಂದು ಬಗೆಯ ನಾರು. ಪ್ರಯೋಗಾಲಯದಲ್ಲಿ ಬೆಳೆಸಿದ ಈ ನಾರಿನೊಳಗೆ ಜೀವಾಣುಗಳಿದ್ದವು. ಅವು ನೀರಿನಲ್ಲಿರುವ ಸುಣ್ಣವನ್ನು ಹೀರಿಕೊಂಡು ನಮ್ಮ ಎಲುಬಿನ ಹಾಗೆಯೇ ಕೆಲಸ ಮಾಡುತ್ತಿದ್ದವು. ಭಾರ ಬಿದ್ದ ಕಡೆ ನಾರು ದಪ್ಪವಾಗುತ್ತದೆ, ಬೀಳದ ಕಡೆ ಸವೆಯುತ್ತದೆ. ಮೊದಲು ಎಲ್ಲ ಕಡ್ಡಿಗಳನ್ನೂ ಒಂದೇ ದಪ್ಪಕ್ಕೆ ಹೆಣೆದು ನಿಲ್ಲಿಸಿ ಜನರನ್ನು ಓಡಾಡಲು ಬಿಡುವುದು. ತನಗೆ ಎಲ್ಲಿ ಎಲುಬು ಬೇಕು, ಎಲ್ಲಿ ಬೇಡ ಎಂಬುದನ್ನು ಸೇತುವೆ ನೂರಾ ಇಪ್ಪತ್ತು ದಿನಗಳಲ್ಲಿ ತಾನೇ ಕಲಿತುಕೊಳ್ಳುತ್ತದೆ. ಆಮೇಲೆ ನೇರಳೆ ಬೆಳಕು ಹಾಯಿಸಿ, ಕಲಿತದ್ದನ್ನು ಇದ್ದಂತೆಯೇ ಗಟ್ಟಿ ಮಾಡಿಬಿಡುವುದು. ಅಲ್ಲಿಂದ ಮುಂದೆ ನೂರು ವರ್ಷ ಅದು ಹೊಸದನ್ನು ಕಲಿಯುವುದೂ ಇಲ್ಲ, ಕಲಿತದ್ದನ್ನು ಮರೆಯುವುದೂ ಇಲ್ಲ.

ದಂಡೆಯ ಮೇಲಿನ ತಗಡಿನ ಮಾಡಿನ ಕೋಣೆಯೇ ನಿಯಂತ್ರಣ ಕೊಠಡಿ. ಒಳಗೆ ಗೋಡೆಯಗಲದ ಪರದೆ, ಅದರ ಮೇಲೆ ಸೇತುವೆಯ ಚಿತ್ರ. ಎರಡೂ ಬದಿಗೆ ಒಂದೊಂದು ಜಾಲರಿ: ಮೇಲೊಂದು ತೊಲೆ, ಕೆಳಗೊಂದು ತೊಲೆ, ನಡುವೆ ನೆಟ್ಟಗೆ ನಿಂತ ಗೂಟಗಳು. ಎರಡು ಗೂಟಗಳ ನಡುವಿನ ಒಂದೊಂದು ಅಂಕಣಕ್ಕೂ ಮೂಲೆಯಿಂದ ಮೂಲೆಗೆ ಒಂದು ಓರೆಕಡ್ಡಿ. ಬದಿಗೆ ಐವತ್ತು ಅಂಕಣ, ಐವತ್ತು ಓರೆಕಡ್ಡಿ. ಯಾವ ಕಡ್ಡಿ ಎಷ್ಟು ಭಾರ ಹೊತ್ತಿದೆ, ಎಷ್ಟು ದಪ್ಪವಾಗಿದೆ ಎಂಬುದು ಬಣ್ಣದಲ್ಲಿ ಕಾಣುತ್ತಿತ್ತು. ಆರಾಮಾಗಿದ್ದರೆ ನೀಲಿ, ತ್ರಾಸು ಪಡುತ್ತಿದ್ದರೆ ಹಳದಿ, ಮುರಿಯುವ ಹಂತಕ್ಕೆ ಬಂದರೆ ಕೆಂಪು. ಹೆಜ್ಜೆ ಬಿದ್ದಲ್ಲೆಲ್ಲ ಅದರ ಭಾರಕ್ಕೆ ತಕ್ಕಷ್ಟು ಎತ್ತರದ ಗೆರೆಯೊಂದು ಏಳುತ್ತಿತ್ತು.

ಹೊಳೆ ಹರಿದು ಹೋಗುವ ಕಡೆಯ ಬದಿ, ಅಂದರೆ ಕೆಳಗಿನ ಬದಿ, ಎರಡು ವಾರದಿಂದ ತೆಳುವಾಗುತ್ತ ಬಂದಿತ್ತು. ಸೇತುವೆ ಜಾಣತನದಿಂದ ನಾರು ಉಳಿಸುತ್ತಿದೆ ಎಂದು ಶಿವಲೀಲಾ ಹಿಗ್ಗಿದ್ದಳು. ಮುಖ್ಯ ಎಂಜಿನಿಯರ್ ಇನಾಮದಾರ್ ಸಾಹೇಬರಿಗೆ ವರದಿ ಬರೆದು ಶಹಬ್ಬಾಸ್ ಅನ್ನಿಸಿಕೊಂಡೂ ಆಗಿತ್ತು. ಆದರೆ ಐವತ್ತೊಂದನೆಯ ದಿನ ಮಧ್ಯಾಹ್ನ ನೋಡುತ್ತಾಳೆ, ಕೆಳಗಿನ ಬದಿಯ ಓರೆಕಡ್ಡಿಗಳು ಕಿರುಬೆರಳಿಗಿಂತ ಸಣ್ಣಗಾಗಿವೆ. ಇನ್ನೊಂದು ತಿಂಗಳಾದರೆ ಇರುವುದೇ ಇಲ್ಲ. ಎಂಟಡಿ ಅಗಲದ ಸೇತುವೆಗೆ ಒಂದೇ ಬದಿ ಯಾಕೆ ದುಡಿಯಬೇಕು?

ಕಿಟಕಿಯ ಹತ್ತಿರ ಹೋಗಿ ಹೊರಗೆ ನೋಡಿದಳು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಬರುತ್ತಿದ್ದರು, ಹಿಂದೆ ಇಬ್ಬರು ಮುದುಕರು, ಒಂದು ಸೈಕಲ್ಲು, ಆಡಿನ ಹಿಂಡು. ಎಲ್ಲರೂ ಯಾರೋ ಗೆರೆ ಎಳೆದು ಕೊಟ್ಟ ಹಾಗೆ ಹೊಳೆ ಬರುವ ಕಡೆಯ ಅಂಚು ಹಿಡಿದು ಒಬ್ಬರ ಹಿಂದೊಬ್ಬರು ನಡೆಯುತ್ತಿದ್ದರು. ಉಳಿದ ಐದಡಿ ಖಾಲಿ. ಹೊರೆ ಹೊತ್ತವಳಿಗೆ ಸೈಕಲ್ಲಿನವನು ಎದುರಾದಾಗಲೂ ಅವನು ಕೆಳಗಿನ ಬದಿಗೆ ಸರಿಯಲಿಲ್ಲ. ಇಳಿದು, ಸೈಕಲ್ಲು ಎತ್ತಿ ಹಿಡಿದು, ಅವಳನ್ನು ದಾಟಲು ಬಿಟ್ಟ.

ಶಿವಲೀಲಾಗೆ ಕಾರಣ ಹೊಳೆಯಿತು. ಗಡ್ಡೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಹರಿಗೋಲಿನ ಕಾಲದಿಂದಲೂ ಹೊಳೆಗೆ ಎರಡು ಹಾದಿ. ಗಡ್ಡೆ ಬರೀ ಬಂಡೆ, ಮಣ್ಣು ಕೊಡಲು ಜಾಗವಿಲ್ಲ. ಸತ್ತವರನ್ನು ಈಚೆ ದಂಡೆಗೇ ತರಬೇಕು. ಹೆಣ ದಾಟಿದ ನೀರು ಬದುಕಿದ್ದವರ ಕಾಲಿಗೆ ತಾಗಬಾರದೆಂದು ಬದುಕಿದ್ದವರ ಹರಿಗೋಲು ಮೇಲಿನ ಹಾದಿ, ಹೆಣದ ಹರಿಗೋಲು ಕೆಳಗಿನ ಹಾದಿ ಹಿಡಿಯುತ್ತಿತ್ತು. ಸೇತುವೆ ಬಂದಾಗ ಜನ ಹರಿಗೋಲು ಬಿಟ್ಟರು, ಹಾದಿ ಬಿಡಲಿಲ್ಲ. ಅವಳು ಆ ದಿನ ಬೆಳಿಗ್ಗೆ ತಾನೇ ದಾಟಿದ ದಾಖಲೆಯನ್ನು ತೆಗೆದು ನೋಡಿದಳು. ಅವಳ ಹೆಜ್ಜೆಗಳೂ ಮೇಲಿನ ಅಂಚಿನಲ್ಲೇ ಇದ್ದವು. ಐವತ್ತೊಂದು ದಿನದಲ್ಲಿ ಒಂದು ಸಲವೂ ಅವಳು ಆಚೆ ಕಾಲಿಟ್ಟಿರಲಿಲ್ಲ, ಇಟ್ಟಿಲ್ಲವೆಂಬುದು ತಿಳಿದೂ ಇರಲಿಲ್ಲ.

ಸೇತುವೆ ಬಂದ ಮೇಲೆ ಊರಿನಲ್ಲಿ ಇನ್ನೂ ಸಾವಾಗಿಲ್ಲ. ಯಾರಾದರೂ ಸತ್ತ ದಿನ ಹೆಣದ ಹಿಂದೆ ಇಡೀ ಊರು ಕೆಳಗಿನ ಬದಿಯಲ್ಲಿ ನಡೆಯುತ್ತದೆ. ಯಾವ ಬದಿಗೆ ಎಲುಬೇ ಇಲ್ಲವೋ ಆ ಬದಿಯಲ್ಲಿ.

ಇನಾಮದಾರ್ ಸಾಹೇಬರು ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. "ಮರಳಿನ ಚೀಲ ಪೇರಿಸಿದರೆ ಆಗಲ್ಲ. ಸುಮ್ಮನೆ ಕೂತ ಭಾರದಿಂದ ಅದು ಏನೂ ಕಲಿಯಲ್ಲ, ನಿನಗೆ ಗೊತ್ತಲ್ಲ. ಚಲಿಸೋ ಭಾರ ಬೇಕು. ತರಬೇತಿ ಗಾಡಿ ಇರೋದೇ ಒಂದು, ಅದರ ಮೋಟಾರು ಸುಟ್ಟಿದೆ. ಎರಡು ತಿಂಗಳಾದರೂ ಬೇಕು."

"ಅಲ್ಲಿತನಕ ಮುಚ್ಚಿಬಿಡಲಾ ಸರ್?"

"ಮುಚ್ಚಿದರೆ ಮೇಲಿನ ಬದಿಯೂ ಸವೆದುಹೋಗುತ್ತೆ. ಜೀವಾಣು ಬದುಕೋದೇ ನೂರಾ ಇಪ್ಪತ್ತು ದಿನ, ಮುಂದೂಡೋಕೂ ಬರಲ್ಲ. ಊರಿನವರನ್ನೇ ಆ ಕಡೆ ನಡೆಸಮ್ಮ. ನಿನ್ನ ಊರಲ್ಲವೇ?"

ಅವಳ ಊರೇ. ಅದೇ ಕಷ್ಟವಾಗಿತ್ತು. ಸಂಜೆ ಚಾವಡಿಯ ಕಟ್ಟೆಗೆ ಜನರನ್ನು ಕರೆದು ಎಲ್ಲ ಬಿಡಿಸಿ ಹೇಳಿದಳು. ಮೂವತ್ತು ವರ್ಷ ಹರಿಗೋಲು ಹಾಕಿದ ಹಿರಿಯ ದ್ಯಾಮಣ್ಣ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದ. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದ: "ನೀ ಹೇಳೂದು ಖರೇನ ಇರಬೇಕವಾ. ನೀ ಕಲ್ತಾಕಿ. ಆದ್ರ ದಿನಾ ಹೆಣದ ಹಾದಿಗೆ ಕಾಲಿಡ್ರಿ ಅಂತ ನಾ ಯಾರ ಮಕ್ಕಳಿಗೆ ಹೇಳ್ಲಿ? ನೀನರ ನಡದೀಯೇನು, ಹೊಟ್ಯಾಗಿನ ಕೂಸ ಇಟಗೊಂಡು?"

ಶಿವಲೀಲಾ ಬಾಯಿ ತೆರೆದಳು. ನಡೆಯುತ್ತೇನೆ ಎನ್ನಬೇಕಿತ್ತು. ಆದರೆ ಅವಳ ಕೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಗಿತ್ತು. ಎಲ್ಲರೂ ಅದನ್ನು ನೋಡಿದರು. ಅಲ್ಲಿಗೆ ಸಭೆ ಮುಗಿಯಿತು.

ಮನೆಗೆ ಬಂದಾಗ ಅಪ್ಪ ಕೇತಪ್ಪ ಅಂಗಳದಲ್ಲಿ ಕೂತು ಬಿದಿರು ಸೀಳುತ್ತಿದ್ದ. ಮೇದಾರ ಕೇತಪ್ಪನೆಂದರೆ ಸುತ್ತ ಹತ್ತು ಊರಿಗೆ ಗೊತ್ತು. ಮೊರ, ಬುಟ್ಟಿ, ಏಣಿ, ತೊಟ್ಟಿಲು ಎಲ್ಲ ಅವನ ಕೈಯಿಂದಲೇ ಆಗಬೇಕು. ಹೆಣವನ್ನು ಕೂರಿಸಿ ಒಯ್ಯುವ ವಿಮಾನವನ್ನೂ ಅವನೇ ಕಟ್ಟಬೇಕು. ಎಂಟು ವರ್ಷದ ಹಿಂದೆ ಬಿದಿರ ಮೆಳೆಯ ಮೇಲಿಂದ ಬಿದ್ದು ಎಡಗಾಲು ಮುರಿದುಕೊಂಡಿದ್ದ. ಮೂರು ತಿಂಗಳು ಪ್ಲಾಸ್ಟರಿನಲ್ಲಿದ್ದ ಕಾಲು ಬಡಕಲಾಗಿ ಹೊರಬಂದದ್ದು ಮತ್ತೆ ತುಂಬಿಕೊಳ್ಳಲೇ ಇಲ್ಲ. ಅಂದಿನಿಂದ ಅವನ ನಡಿಗೆ ಬಲಗಾಲಿಗೆ ಭಾರ, ಎಡಗಾಲಿಗೆ ಹಗುರ.

ಮಗಳ ಮುಖ ನೋಡಿದವನೇ ಕತ್ತಿ ಕೆಳಗಿಟ್ಟ. ಅವಳು ಹೇಳಿದಳು. ಅವನಿಗೆ ಬಿಡಿಸಿ ಹೇಳುವ ಅಗತ್ಯವೇ ಬೀಳಲಿಲ್ಲ.

"ನನ್ನ ಕಾಲಿನಂಗ ಅಂತೀ. ಕೆಲಸ ಕೊಡಲಿಲ್ಲಂದ್ರ ಬತ್ತತೈತಿ."

"ಹೂಂ ಯಪ್ಪಾ. ಓರೆಕಡ್ಡಿ ಬತ್ತಾಕತ್ತಾವು."

"ಓರೆಕಡ್ಡಿ ಹೋದ್ರ ಉಳಿಯೂದು ನಾಕ ಮೂಲಿ ಚೌಕ," ಎಂದು ಕೇತಪ್ಪ ಹಣೆ ನೇವರಿಸಿಕೊಂಡ.

ಶಿವಲೀಲಾಗೆ ನೆನಪಾಯಿತು. ಏಳು ವರ್ಷದವಳಿದ್ದಾಗ ಬಿದಿರಿನ ಸಿಬಿರುಗಳನ್ನು ದಾರದಿಂದ ಕಟ್ಟಿ ಗೊಂಬೆಗೊಂದು ಮಂಚ ಮಾಡಿದ್ದಳು. ಗೊಂಬೆ ಮಲಗಿಸಿದರೆ ಮಂಚ ಒಂದು ಕಡೆಗೆ ವಾಲಿ ನೆಲಕ್ಕೊರಗುತ್ತಿತ್ತು. ಅತ್ತು ರಂಪ ಮಾಡಿದಾಗ ಅಪ್ಪ ನಾಲ್ಕು ಸಿಬಿರಿನ ಚೌಕವೊಂದನ್ನು ಕಟ್ಟಿ ಅವಳ ಕೈಗೆ ಕೊಟ್ಟಿದ್ದ. "ದೂಡು," ಎಂದಿದ್ದ. ದೂಡಿದಳು, ಚೌಕ ಓರೆಯಾಯಿತು. "ಯಾವ ಕಡ್ಡಿಯಾದ್ರೂ ಮುರೀತೇನು? ಉದ್ದ ಆತೇನು, ಗಿಡ್ಡ ಆತೇನು? ಇಲ್ಲ. ಯಾರಿಗೂ ಏನೂ ಆಗದಂಗ ಬಿದ್ದು ಹೋತು. ನಾಕ ಮೂಲಿ ಇದ್ದದ್ದು ದೂಡಿದವರ ಮಾತಿಗೆ ಹೂಂ ಅಂತೈತಿ." ಆಮೇಲೆ ಮೂಲೆಯಿಂದ ಮೂಲೆಗೆ ಒಂದು ಸಿಬಿರು ಕಟ್ಟಿದ. ಚೌಕ ಎರಡು ಮುಮ್ಮೂಲೆಯಾಯಿತು. "ಈಗ ದೂಡು." ಅವಳು ಹಲ್ಲು ಕಚ್ಚಿ ದೂಡಿದರೂ ಅಲುಗಲಿಲ್ಲ. "ಈಗ ಇದು ವಾಲಬೇಕಂದ್ರ ಒಂದು ಕಡ್ಡಿ ಹಿಗ್ಗಬೇಕು, ಇಲ್ಲಾ ಕುಗ್ಗಬೇಕು, ಇಲ್ಲಾ ಮುರೀಬೇಕು. ಸುಮ್ಮಸುಮ್ಮನ ಹೂಂ ಅನ್ನಂಗಿಲ್ಲ." ಮುಂದೆ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದ ಪುಸ್ತಕಗಳು ಇದನ್ನೇ ಬೇರೆ ಅಕ್ಷರಗಳಲ್ಲಿ ಹೇಳಿದ್ದವು.

"ನಾಳಿಯಿಂದ ನಾ ನಡೀತೀನಿ," ಎಂದ ಕೇತಪ್ಪ.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಂಪವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಏನಂದ್ರಿ? ಹೆಣದ ಹಾದ್ಯಾಗ? ಸಾಯಾಕ ಅಷ್ಟ ಅವಸರ ಐತೇನು?"

"ಊರಿನ ಹೆಣಕ್ಕೆಲ್ಲಾ ವಿಮಾನ ಕಟ್ಟಾಂವ ನಾ. ಸಾವಿಗೂ ನನಗೂ ಹಳೀ ಗುರ್ತ. ಹಾದ್ಯಾಗ ಸಿಕ್ರ ಆರಾಮಿದ್ದಿ ಏನಪಾ ಅಂತ ಮಾತಾಡಿಸಿ ಬರ್ತೀನಿ, ತಗೊ."

"ನಗಬ್ಯಾಡ್ರಿ ನೀವು! ಮಗಳ ನೌಕರಿ ಸಲುವಾಗಿ ಗಂಡನ್ನ ಕಳಕೊಳ್ಳಾಕ ನಾ ತಯಾರಿಲ್ಲ."

"ನೌಕರಿ ಸಲುವಾಗಿ ಅಲ್ಲಲೇ ಹಂಪೀ. ನಾಳೆ ಯಾರರ ಸತ್ತಾಗ ಅವರ ಹಿಂದ ನೂರ ಮಂದಿ ಹೋಗ್ತಾರ. ಅದರಾಗ ನೀನೂ ಇರ್ತೀ."

ಹಂಪವ್ವ ಅಂದು ಗಂಡನಿಗೆ ರೊಟ್ಟಿ ಬಡಿಸಲಿಲ್ಲ. ತಾಟು ತುಂಬಿಸಿ ದೂರವಿಟ್ಟು ಒಳಗೆ ಹೋದಳು. ಮೂರು ದಿನ ಮಗಳ ಜೊತೆ ಮಾತೂ ಆಡಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಪರದೆಯ ಕೆಳಗಿನ ಬದಿಯಲ್ಲಿ ಮೊದಲ ಸಲ ಗೆರೆ ಎದ್ದಿತು. ಎತ್ತರದ ಗೆರೆ, ಗಿಡ್ಡ ಗೆರೆ, ಎತ್ತರ, ಗಿಡ್ಡ. ಕೇತಪ್ಪ ಹಸಿ ಬಿದಿರಿನ ಹೊರೆಯೊಂದನ್ನು ಹೆಗಲ ಮೇಲಿಟ್ಟುಕೊಂಡು ಕುಂಟುತ್ತ ಬರುತ್ತಿದ್ದ. ದಂಡೆ ಮುಟ್ಟಿ, ತಿರುಗಿ, ಅದೇ ಹೊರೆಯೊಂದಿಗೆ ಗಡ್ಡೆಗೆ ಹೋದ. ಬೆಳಿಗ್ಗೆ ಐದು ಸಲ, ಸಂಜೆ ಐದು ಸಲ. ಮೇಲಿನ ಬದಿಯಲ್ಲಿ ಹೋಗುವವರು ತಮಾಷೆ ಮಾಡುತ್ತಿದ್ದರು: "ಕೇತಪ್ಪಾ, ಆ ಬಿದಿರು ಹಣ್ಣಾಗೂತನ ಹೊರತೀಯೇನು?" ಅವನು, "ಸೇತುವಿಗೆ ಸಾಲಿ ಕಲಸಾಕತ್ತೀನಿ, ಗದ್ದಲ ಮಾಡಬ್ಯಾಡ್ರಿ," ಎನ್ನುತ್ತಿದ್ದ. ತಮಾಷೆ ಮಾಡಿದರೂ ಅವನ ಹತ್ತಿರ ಯಾರೂ ಬರುತ್ತಿರಲಿಲ್ಲ. ಅವನು ಮುಟ್ಟಿದ ಬುಟ್ಟಿಯನ್ನು ಕೊಳ್ಳಲು ಬಂದವರು ಇನ್ನೊಮ್ಮೆ ಬರುತ್ತೇವೆಂದು ಹೊರಟುಹೋಗುತ್ತಿದ್ದರು.

ಇನಾಮದಾರ್ ಸಾಹೇಬರು ದೂರದೂರಿನಿಂದ ನಾಲ್ವರು ಕೂಲಿಯವರನ್ನು ಕಳಿಸಿದರು. ಅವರು ಎರಡು ದಿನ ನಡೆದರು. ಮೂರನೆಯ ದಿನ ಅದು ಯಾವ ಬದಿಯೆಂದು ಯಾರೋ ಅವರ ಕಿವಿಗೆ ಹಾಕಿದರು. ಮಧ್ಯಾಹ್ನದ ಬಸ್ಸಿಗೆ ನಾಲ್ವರೂ ಮಾಯ.

ಆದರೆ ಓರೆಕಡ್ಡಿಗಳು ಬೆಳೆಯತೊಡಗಿದವು. ಸಂಜೆ ಮನೆಗೆ ಬಂದ ಕೂಡಲೇ ಅಪ್ಪನ ಮೊದಲ ಪ್ರಶ್ನೆ: "ಇವತ್ತ ಎಷ್ಟ ಬೆಳೀತು?" ಶಿವಲೀಲಾ ಹೆಬ್ಬೆರಳು ತೋರುಬೆರಳುಗಳ ನಡುವೆ ಕೂದಲೆಳೆಯಷ್ಟು ಸಂದು ಮಾಡಿ ತೋರಿಸುತ್ತಿದ್ದಳು. ಅಷ್ಟಕ್ಕೇ ಅವನ ಮುಖ ಅರಳುತ್ತಿತ್ತು. ಹೆಣದ ಹಿಂದೆ ಬರುವ ಜನರ ಭಾರಕ್ಕೆ ಒಂದೊಂದು ಓರೆಕಡ್ಡಿ ಮೂರು ಬೆರಳು ದಪ್ಪವಿರಬೇಕೆಂದು ಅವಳೇ ಹೇಳಿದ್ದಳು. ಆ ಮೂರು ಬೆರಳು ಅವನ ತಲೆಯಲ್ಲಿ ಕೂತುಬಿಟ್ಟಿತ್ತು.

ಇನ್ನೊಂದು ಸಂಗತಿಯೂ ಪರದೆಯ ಮೇಲೆ ಕಾಣುತ್ತಿತ್ತು. ಎಪ್ಪತ್ತನೆಯ ದಿನ ಗೆರೆ ಎಲ್ಲೂ ನಿಂತಿರಲಿಲ್ಲ. ತೊಂಬತ್ತನೆಯ ದಿನ ನಡುಸೇತುವೆಯಲ್ಲಿ ಒಂದು ಸಲ ನಿಂತಿತು: ಹೊರೆ ಇಳಿಸಿದ ಗೆರೆ, ಸ್ವಲ್ಪ ಹೊತ್ತು ಬಿಟ್ಟು ಹೊರೆ ಎತ್ತಿದ ಗೆರೆ. ನೂರನೆಯ ದಿನದ ಹೊತ್ತಿಗೆ ಹೋಗುವಾಗೊಮ್ಮೆ, ಬರುವಾಗೊಮ್ಮೆ. ಅಪ್ಪನಿಗೆ ಉಸಿರು ಸಾಲುತ್ತಿಲ್ಲ ಎಂಬುದನ್ನು ವೈದ್ಯರಿಗಿಂತ ಮೊದಲು ಆ ಸೇತುವೆ ಹೇಳಿತು. ಆಸ್ಪತ್ರೆಗೆ ಹೋಗೋಣವೆಂದರೆ, ನೂರಾ ಇಪ್ಪತ್ತು ತುಂಬಲಿ, ಹೆಂಗಿದ್ರೂ ನಿನ್ನ ಹೆರಿಗಿಗೆ ಹೋಗೂದೈತಲ್ಲ, ಕೂಡೇ ಹೋಗೂನು ಎನ್ನುತ್ತಿದ್ದ.

ನೂರಾ ಎಂಟನೆಯ ದಿನ ಅವಳು ತಡೆದು ನಿಲ್ಲಿಸಿದಳು. "ಸಾಕ ಬಿಡು ಯಪ್ಪಾ. ನಾಳೆ ಬ್ಯಾಡ."

"ಕಡ್ಡಿ ಎಷ್ಟಾಗೇತಿ?"

"ಎರಡೂವರಿ ಬೆರಳು."

"ಎಷ್ಟಾಗಬೇಕು?"

"ಮೂರು."

"ಮತ್ತ?" ಎಂದು ಅವನು ಅವಳ ಮುಖವನ್ನೇ ನೋಡಿದ.

ಮೂರಾಗಿದೆ ಎಂದು ಒಂದು ಸುಳ್ಳು ಹೇಳಿದ್ದರೆ ಅಪ್ಪ ಅಂದೇ ಹೊರೆ ಇಳಿಸುತ್ತಿದ್ದ. ಅವನಿಗೆ ಪರದೆ ಓದಲು ಬರುತ್ತಿರಲಿಲ್ಲ; ಮಗಳ ಮಾತೇ ಅವನಿಗೆ ಅಳತೆ. ಶಿವಲೀಲಾ ಆ ಸುಳ್ಳು ಹೇಳಲಿಲ್ಲ. ಯಾಕೆ ಹೇಳಲಿಲ್ಲವೆಂದು ಆಮೇಲೆ ಎಷ್ಟೋ ಸಲ ತನ್ನನ್ನೇ ಕೇಳಿಕೊಂಡಳು. ಒಂದೊಂದು ಸಲ ಒಂದೊಂದು ಉತ್ತರ ಬರುತ್ತಿತ್ತು. ಯಾವುದೂ ಅವಳಿಗೆ ಸಮಾಧಾನ ಕೊಡಲಿಲ್ಲ.

ನೂರಾ ಹದಿಮೂರನೆಯ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾಲ್ಕನೆಯ ಸಲದ ಗೆರೆ ಇಪ್ಪತ್ತೇಳನೆಯ ಅಂಕಣದಲ್ಲಿ ನಿಂತಿತು. ಹೊರೆ ಇಳಿಸಿದ. ಕೂತ. ಶಿವಲೀಲಾ ಇನಾಮದಾರರಿಗೆ ಕಳಿಸುವ ವರದಿ ಬರೆಯುತ್ತಿದ್ದಳು. ತಂಬಾಕು ತಿಕ್ಕುತ್ತಿರಬೇಕು ಎಂದುಕೊಂಡಳು. ಐದು ನಿಮಿಷ ಬಿಟ್ಟು ತಲೆಯೆತ್ತಿದಳು. ಅಲ್ಲೇ ಇದ್ದ. ಹತ್ತು ನಿಮಿಷ. ಪರದೆಯ ಮೇಲೆ ಎಂಬತ್ತೆಂಟು ಕಿಲೋದ ನೆಟ್ಟನೆಯ ಗೆರೆ, ಒಂದಿಷ್ಟೂ ನಡುಗದೆ. ಬದುಕಿರುವ ಮನುಷ್ಯ ಸುಮ್ಮನೆ ಕೂತರೂ ಗೆರೆ ಅಷ್ಟೊಂದು ನೆಟ್ಟಗಿರುವುದಿಲ್ಲ. ಉಸಿರಾಡುತ್ತಾನೆ, ಕೈ ಆಡಿಸುತ್ತಾನೆ, ಕೆಮ್ಮುತ್ತಾನೆ.

ಅವಳು ಕೊಠಡಿಯಿಂದ ಓಡಿದಳು. ಏಳು ತಿಂಗಳ ಹೊಟ್ಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಸೇತುವೆ ಹತ್ತಿದಳು. ಅವಸರದಲ್ಲೂ ಅವಳ ಕಾಲು ಮೇಲಿನ ಅಂಚಿನಲ್ಲೇ ಓಡಿತು. ಅಪ್ಪ ಜಾಲರಿಗೆ ಬೆನ್ನು ಕೊಟ್ಟು ಕೂತಿದ್ದ. ಬಿದಿರಿನ ಹೊರೆ ತೊಡೆಗೆ ಒರಗಿತ್ತು. ಅವನ ಬೆನ್ನ ಹಿಂದಿನ ಓರೆಕಡ್ಡಿ ಅವನ ಮುಂಗೈಯಷ್ಟು ದಪ್ಪವಾಗಿತ್ತು.

"ನೋಡಿದ್ರೇನು, ಹೆಣದ ಹಾದಿ ಬಿಟ್ಟೀತೇನು?" ಎಂದು ಊರು ಮಾತಾಡಿಕೊಂಡಿತು. ಮನೆಯ ಮುಂದೆ ಕೂತು ಅಳುತ್ತಲೇ ಮಾತಾಡಿಕೊಂಡಿತು. ಶಿವಲೀಲಾಗೆ ಸಿಟ್ಟು ಬರಲಿಲ್ಲ. ಅವಳಿಗೆ ಯಾರ ಮೇಲಾದರೂ ಸಿಟ್ಟಿದ್ದರೆ ಅದು ತನ್ನ ಮೇಲೆ.

ಮರುದಿನ ಮುಂಜಾನೆ ಅಪ್ಪನ ದಾಯಾದಿ ಮಾನಪ್ಪ ಕಾಕಾ ವಿಮಾನ ಕಟ್ಟಲು ಕೂತ. ಅವನ ಕೈಯೂ ಚುರುಕು, ಆದರೆ ಕೇತಪ್ಪನ ಕೈಯಲ್ಲ. ಬಸುರಿ ಹೆಂಗಸು ಅದನ್ನು ಮುಟ್ಟುವ ಹಾಗಿರಲಿಲ್ಲ. ಶಿವಲೀಲಾ ಬಾಗಿಲಲ್ಲಿ ನಿಂತು ನೋಡಿದಳು.

"ಕಾಕಾ, ಓರೆಕಡ್ಡಿ ಕಟ್ಟಿಲ್ಲ."

"ಹೊಳಿ ದಾಟೂತನ ಅಷ್ಟ ಅಲ್ಲೇನವಾ? ಯಾತಕ್ಕ ಬೇಕು?"

"ಕಟ್ರಿ ಕಾಕಾ. ಯಪ್ಪ ಎಲ್ಲಾರಿಗೂ ಕಟ್ಟತಿದ್ದ."

ಮಾನಪ್ಪ ನಾಲ್ಕು ಮಗ್ಗುಲಿಗೂ ಕಟ್ಟಿದ. ಕಟ್ಟಿ, ಚೌಕಟ್ಟನ್ನೊಮ್ಮೆ ದೂಡಿ ನೋಡಿದ. ಅಲುಗಲಿಲ್ಲ. ಆಗ ಅವನಿಗೂ ಅಳು ತಡೆಯಲಾಗಲಿಲ್ಲ.

ಓರೆಕಡ್ಡಿಗಳ ಅಳತೆ ಅಂದು ಎರಡೂ ಮುಕ್ಕಾಲು ಬೆರಳು. ಶಿವಲೀಲಾ ದ್ಯಾಮಣ್ಣನನ್ನು ಕರೆದು ಕೈಮುಗಿದಳು. "ಯಜ್ಜಾ, ನಲವತ್ತ ಮಂದಿ ಅಷ್ಟ. ಅವರು ದಾಟಿದ ಮ್ಯಾಲೆ ಇನ್ನ ನಲವತ್ತು. ಹೆಚ್ಚಿಗಿ ಬ್ಯಾಡ. ಇನ್ನೂ ಕಾಲ ಬೆರಳ ಕಡಿಮಿ ಐತಿ." ದ್ಯಾಮಣ್ಣ ಆಗಲೆಂದು ಅವಳ ತಲೆ ಮುಟ್ಟಿದ.

ಬಸುರಿ ಹೆಣದ ಹಿಂದೆ ಹೋಗಬಾರದು. ಅದೊಂದು ಕಟ್ಟಳೆಗೆ ಶಿವಲೀಲಾ ಅಂದು ಮನಸ್ಸಿನಲ್ಲೇ ನಮಸ್ಕಾರ ಹಾಕಿದಳು. ಅವಳು ಇರಬೇಕಾದ ಜಾಗ ಪರದೆಯ ಮುಂದೆ. ಕಡ್ಡಿ ಕೆಂಪಾದರೆ ಕೂಗಿ ಜನರನ್ನು ಹಿಂದಕ್ಕೆ ಕಳಿಸಲು ಸೇತುವೆಯುದ್ದಕ್ಕೂ ಧ್ವನಿವರ್ಧಕಗಳಿದ್ದವು. ಅಪ್ಪನ ಕೊನೆಯ ಪಯಣವನ್ನು ಅವಳು ಬಣ್ಣಗಳಲ್ಲಿ ನೋಡಬೇಕಿತ್ತು.

ಭಜನೆಯ ಸದ್ದು ಗಡ್ಡೆಯ ಕಡೆಯಿಂದ ಕೇಳಿಸಿತು. ವಿಮಾನ ಸೇತುವೆಗೆ ಬಂತು. ಮೊದಲ ಅಂಕಣ ನೀಲಿ, ಎರಡನೆಯದು ನೀಲಿ. ನಲವತ್ತು ಜನ ಆದರು. ದ್ಯಾಮಣ್ಣ ಕೈ ಅಡ್ಡ ಹಿಡಿದಿರಬೇಕು, ಒಂದು ಗಳಿಗೆ ಸಾಲು ತುಂಡಾಯಿತು. ಆಮೇಲೆ ಮತ್ತೆ ಸೇರಿಕೊಂಡಿತು. ಐವತ್ತು, ಎಪ್ಪತ್ತು, ತೊಂಬತ್ತು. ತಿಂಗಳುಗಟ್ಟಲೆ ಕೇತಪ್ಪನ ಹತ್ತಿರ ಸುಳಿಯದ ಊರು ಈಗ ಅವನೊಬ್ಬನನ್ನೇ ಕಳಿಸಲು ಒಪ್ಪಲಿಲ್ಲ. ನೂರಾ ಹನ್ನೊಂದು. ಅಂಕಣಗಳು ಒಂದೊಂದಾಗಿ ಹಳದಿಯಾದವು, ಗಡ್ಡೆಯ ಕಡೆಯ ಎರಡು ಕೆಂಪಿನ ಅಂಚಿಗೆ ಬಂದವು.

ಶಿವಲೀಲಾ ಧ್ವನಿವರ್ಧಕದ ಗುಂಡಿಯ ಮೇಲೆ ಬೆರಳಿಟ್ಟಳು. ಕೂಗಿದರೆ ಜನ ಗಾಬರಿಯಿಂದ ಓಡುತ್ತಾರೆ. ಓಡುವ ನೂರು ಜನರ ಭಾರ ನಡೆಯುವ ಇನ್ನೂರು ಜನರಿಗೆ ಸಮ. ಕೂಗದಿದ್ದರೆ ಇನ್ನು ಸ್ವಲ್ಪ ಹೊತ್ತಿಗೆ ವಿಮಾನ ನಡುವಿಗೆ ಬರುತ್ತದೆ. ಅರ್ಧ ಸೇತುವೆ ತುಂಬಿ ಅರ್ಧ ಖಾಲಿಯಿದ್ದಾಗಲೇ ನಡುವಿನ ಓರೆಕಡ್ಡಿಗಳಿಗೆ ಅತಿ ಹೆಚ್ಚು ಕಷ್ಟ. ಆ ಗುಂಪಿನಲ್ಲಿ ಅವ್ವ ಇದ್ದಳು.

ವಿಮಾನ ಇಪ್ಪತ್ತೈದನೆಯ ಅಂಕಣಕ್ಕೆ ಬಂತು. ಇಪ್ಪತ್ತಾರು, ಇಪ್ಪತ್ತೇಳು.

ನಡುವಿನ ಅಂಕಣಗಳು ನೀಲಿಯಾಗಿಯೇ ಉಳಿದವು.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಯಂತ್ರ ಕೆಟ್ಟಿರಬೇಕೆಂದು ಆ ಕಡ್ಡಿಗಳ ದಪ್ಪವನ್ನು ಬೇರೆಯಾಗಿ ತೆಗೆದು ನೋಡಿದಳು. ಮೂರೂಕಾಲು ಬೆರಳು. ಮೂರೂವರೆ. ದಿನದಿನದ ಸರಾಸರಿಯನ್ನೇ ನೋಡುತ್ತ ಬಂದವಳು ಇದನ್ನು ಗಮನಿಸಿಯೇ ಇರಲಿಲ್ಲ. ಅಪ್ಪ ಉಸಿರು ಸಾಲದೆ ನಿಂತ ಜಾಗಗಳವು. ಹೊರೆ ಇಳಿಸಿದಾಗೊಮ್ಮೆ, ಎತ್ತಿದಾಗೊಮ್ಮೆ ಆ ಕಡ್ಡಿಗಳಿಗೆ ಪಾಠವಾಗಿತ್ತು. ಅವನ ಎದೆ ಎಲ್ಲೆಲ್ಲಿ ಸೋತಿತೋ ಅಲ್ಲೆಲ್ಲ ಸೇತುವೆ ಗಟ್ಟಿಯಾಗಿತ್ತು. ಶಿವಲೀಲಾ ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ನಿನ್ನೆಯಿಂದ ಅವಳು ಅತ್ತಿರಲಿಲ್ಲ.

ಮಣ್ಣು ಕೊಟ್ಟು ಜನ ಹಿಂದಿರುಗಿದರು, ಮೇಲಿನ ಬದಿಯಲ್ಲಿ, ಸಾಲಾಗಿ, ಬದುಕಿದ್ದವರ ಹಾದಿಯಲ್ಲಿ. ಕೆಳಗಿನ ಬದಿ ಮತ್ತೆ ಖಾಲಿಯಾಯಿತು.

ಇನ್ನೂ ಆರು ದಿನ ಉಳಿದಿತ್ತು. ಎಲುಬು ಕಟ್ಟುವುದಕ್ಕೆ ತಿಂಗಳುಗಳು ಬೇಕು, ಕರಗುವುದಕ್ಕೆ ದಿನಗಳು ಸಾಕು. ಕೊನೆಯ ದಿನಗಳಲ್ಲಂತೂ ಜೀವಾಣುಗಳು ಹಸಿದಿರುತ್ತವೆ, ಕೆಲಸವಿಲ್ಲದ ಕಡ್ಡಿಯನ್ನು ಮೊದಲು ತಿನ್ನುತ್ತವೆ. ಮರುದಿನ ಸಂಜೆಗೇ ಓರೆಕಡ್ಡಿಗಳು ಐದಾರು ಕೂದಲೆಳೆಯಷ್ಟು ಇಳಿದಿದ್ದವು. ಗಾಡಿಗೆ ಇನ್ನೂ ಹನ್ನೆರಡು ದಿನ ಬೇಕೆಂದು ಇನಾಮದಾರರು ತಲೆತಗ್ಗಿಸಿದವರ ದನಿಯಲ್ಲಿ ಹೇಳಿದರು. ಬೆಳಕು ಹಾಯಿಸುವ ದಿನದ ಹೊತ್ತಿಗೆ ಅಪ್ಪ ಕಟ್ಟಿದ್ದರಲ್ಲಿ ಅರ್ಧ ಹೋಗುತ್ತದೆ. ಆ ಅರ್ಧವೇ ನೂರು ವರ್ಷಕ್ಕೆ ಉಳಿಯುತ್ತದೆ.

ಶಿವಲೀಲಾ ಅಂದೇ ತೀರ್ಮಾನಿಸಿದಳು, ನಾಳೆಯಿಂದ ತಾನೇ ನಡೆಯುವುದೆಂದು. ಹೊಟ್ಟೆಯ ಮೇಲೆ ಕೈಯಿಟ್ಟು, "ನಿಮ್ಮಜ್ಜ ಕಟ್ಟಿದ್ದು, ಬಿಡಾಕ ಆಗಂಗಿಲ್ಲಪಾ," ಎಂದು ಕೂಸಿಗೂ ಹೇಳಿದಳು. ಅವ್ವನಿಗೆ ಹೇಳುವ ಧೈರ್ಯ ಬರಲಿಲ್ಲ. ಅವ್ವ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. "ಸೇತುವಿ ಏನಾತು?" ಎಂದು ಒಂದೇ ಸಲ ಕೇಳಿದ್ದಳು. "ಯಾರೂ ನಡೀಲಿಲ್ಲಂದ್ರ ಯಪ್ಪ ಕಲಸಿದ್ದು ಮರೀತೈತಿ," ಎಂದಿದ್ದಳು ಮಗಳು.

ಬೆಳಿಗ್ಗೆ ಎದ್ದಾಗ ಒಳಕೋಣೆಯ ಬಾಗಿಲು ಮುಚ್ಚಿತ್ತು. ಅವ್ವನನ್ನು ಎಬ್ಬಿಸದೆ ಶಿವಲೀಲಾ ಮೇಲಿನ ಬದಿಯಿಂದ ದಾಟಿ ಕೊಠಡಿಗೆ ಬಂದಳು. ಹೊರೆ ಹೊತ್ತು ಹೊರಡುವ ಮೊದಲು ಒಮ್ಮೆ ಅಳತೆ ನೋಡಿಕೊಳ್ಳಬೇಕಿತ್ತು. ಏಳು ಗಂಟೆಗೆ ಪರದೆಯ ಕೆಳಗಿನ ಬದಿಯಲ್ಲಿ ಗೆರೆ ಎದ್ದಿತು.

ಎತ್ತರದ ಗೆರೆ, ಗಿಡ್ಡ ಗೆರೆ. ಎತ್ತರ, ಗಿಡ್ಡ.

ಆ ನಡಿಗೆ ಅವಳಿಗೆ ಗೊತ್ತಿತ್ತು. ಅರವತ್ತೆರಡು ದಿನ ನೋಡಿದ ನಡಿಗೆ. ಎದ್ದು ಬಾಗಿಲಿಗೆ ಓಡಿದಳು.

ಕೆಳಗಿನ ಬದಿಯಲ್ಲಿ ಅವ್ವ ಬರುತ್ತಿದ್ದಳು. ಬಳೆಯಿಲ್ಲದ ಎರಡೂ ಕೈಯಿಂದ ತಲೆಯ ಮೇಲಿನ ಬಿದಿರಿನ ಹೊರೆಯನ್ನು ಹಿಡಿದಿದ್ದಳು. ಮಣ್ಣಾದ ಎರಡನೆಯ ದಿನಕ್ಕೆ ಮನೆಯ ಹೊಸಿಲು ದಾಟಬಾರದವಳು ಹೊಳೆ ದಾಟುತ್ತಿದ್ದಳು. ಮೇಲಿನ ಬದಿಯಲ್ಲಿ ಹುಲ್ಲಿಗೆ ಹೊರಟ ಹೆಂಗಸರು ನಿಂತುಬಿಟ್ಟಿದ್ದರು. ಅವ್ವ ಅವರ ಕಡೆ ನೋಡಲಿಲ್ಲ. ಬಲಗಾಲು ಊರಿ, ಎಡಗಾಲು ಎಳೆದು, ಕುಂಟುತ್ತ ಬರುತ್ತಿದ್ದಳು.

"ಯವ್ವಾ, ಕಾಲಿಗೇನಾತು?" ಎಂದು ಶಿವಲೀಲಾ ಓಡಿಹೋಗಿ ಹೊರೆಗೆ ಕೈ ಹಾಕಿದಳು.

"ಕಾಲಿಗೇನೂ ಆಗಿಲ್ಲ, ಕೈ ಬಿಡು." ಹಂಪವ್ವ ಏದುಸಿರು ಬಿಡುತ್ತ ನಿಂತಳು. "ಸೇತುವಿಗೆ ಅವರ ಹೆಜ್ಜಿ ರೂಢಿ ಆಗೇತಿ. ನಾ ಬ್ಯಾರೆ ಥರಾ ನಡದ್ರ, ಇಕಿ ಯಾರೋ ಅಂತ ಕಲ್ತದ್ದ ಮರತೀತು. ಹಿಂಗ ನಡದ್ರ ಗುರ್ತ ಹಿಡೀತೈತಿ ಹೌದಿಲ್ಲ?"

ಸೇತುವೆಗೆ ಹೆಜ್ಜೆಯ ಗುರುತು ಬೇಕಿಲ್ಲ, ಚಲಿಸುವ ಭಾರವಿದ್ದರೆ ಸಾಕು. ಕುಂಟಿದರೂ ಅಷ್ಟೇ, ನೆಟ್ಟಗೆ ನಡೆದರೂ ಅಷ್ಟೇ. ಶಿವಲೀಲಾಗೆ ಅದು ಚೆನ್ನಾಗಿ ಗೊತ್ತಿತ್ತು.

"ಹೌದ ಯವ್ವಾ. ಗುರ್ತ ಹಿಡೀತೈತಿ," ಎಂದಳು.

"ಮತ್ತ ಹೋಗು, ನಿನ್ನ ಕೆಲಸ ನೋಡು. ಈ ಬದಿಗೆ ನೀ ಕಾಲಿಡಬ್ಯಾಡ." ಹಂಪವ್ವ ಹೊರೆ ಸರಿಮಾಡಿಕೊಂಡು ತಿರುಗಿದಳು. "ಇನ್ನಾ ನಾಕ ಸಲ ಐತಿ."

ಶಿವಲೀಲಾ ಕೊಠಡಿಗೆ ಬಂದು ಪರದೆಯ ಮುಂದೆ ಕೂತಳು. ಎತ್ತರದ ಗೆರೆ, ಗಿಡ್ಡ ಗೆರೆ ಗಡ್ಡೆಯ ಕಡೆಗೆ ಹೋಗುತ್ತಿದ್ದವು. ಇಪ್ಪತ್ತೇಳನೆಯ ಅಂಕಣಕ್ಕೆ ಬಂದಾಗ ಅವು ನಿಂತವು. ಹೊರೆ ಇಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಹೊರೆ ಎದ್ದಿತು, ಮತ್ತೆ ನಡಿಗೆ ಶುರುವಾಯಿತು.